ಕೆಂಪು ಬಾಟಲಿಯ ಸುಗ್ರಾ ಬೇಗಂ

ನನ್ನ ಔಷಧದ ಅಂಗಡಿ ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರ. ನನಗೆ, ಈ ಯಂಕೋಬನಿಗೆ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಇರಬಹುದು. ಆದರೆ ದಿನವಿಡೀ ನಿಂತ ಕಾಲ ಮೇಲೆ ನಿಂತು, ಔಷಧಿಯನ್ನು ಬದನೆಕಾಯಿಯಂತೆ ತಿರುಗಿಸಿ ತಿರುಗಿಸಿ ಆರಿಸುವವರನ್ನು ಕಂಡರೆ ಯಾರಿಗಾದರೂ ಸಿಟ್ಟು ಬರುತ್ತದೆ. ಹಾಗೆ ಆರಿಸುವುದರಲ್ಲಿ ಮಾನ್ವಿಯ ಸುಗ್ರಾ ಬೇಗಂ ಅವರನ್ನು ಮೀರಿಸಿದವರನ್ನು ನಾನು ಇನ್ನೂ ಕಂಡಿಲ್ಲ.

ಇದು ಎಪ್ಪತ್ತೊಂಬತ್ತರ ಬೇಸಿಗೆಯ ಮಾತು. ಸುಗ್ರಾ ಬೇಗಂ ವಾರಕ್ಕೊಂದು ಸಲವಾದರೂ ಮಾನ್ವಿಯಿಂದ ಬಸ್ಸು ಹತ್ತಿ ಬರುತ್ತಿದ್ದರು. ಅವರ ಗಂಡ ಮಹಮ್ಮದ್ ಹುಸೇನ್ ಮಾನ್ವಿಯ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟವರು. ಮಾಲಿಗೆಂದು ಅವರೇ ರಾಯಚೂರಿಗೆ ಬಂದು ಹೋಗುತ್ತಿದ್ದರು, ಹೋಗುವಾಗ ಒಂದು ಬಾಟಲಿ ಟಾನಿಕ್ ಒಯ್ಯುವುದು ಅವರಿಗೆ ಕಷ್ಟವಿರಲಿಲ್ಲ. ಆದರೆ ಬೇಗಂ ಅವರಿಗೆ ಗಂಡನ ಆಯ್ಕೆಯ ಮೇಲೆ ಕವಡೆಯಷ್ಟೂ ನಂಬಿಕೆ ಇರಲಿಲ್ಲ. ಬುರ್ಖಾದ ಮೇಲೆ ಬಸ್ಸಿನ ಧೂಳು ಹೊತ್ತು ತಾವೇ ಬರುವರು. ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಮುಖದ ಪರದೆ ಇಳಿಸುವರು, ಹತ್ತಿದ ಮೇಲೆ ಬಾಟಲಿ ಸರಿಯಾಗಿ ಕಾಣುವುದಿಲ್ಲವೆಂದು ಅದನ್ನು ಮತ್ತೆ ಅರ್ಧ ಎತ್ತುವರು. ಕುರ್ಚಿ ಕೊಟ್ಟರೆ ಕೂಡುತ್ತಿರಲಿಲ್ಲ. ನಿಂತಲ್ಲಿ ನಿಲ್ಲುತ್ತಲೂ ಇರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರೇನೋ ಅನ್ನಿಸುತ್ತಿತ್ತು.

ಅವರ ಆಯ್ಕೆಯ ಕ್ರಮವೇ ಬೇರೆ. ಬಾಟಲಿಯನ್ನು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿಯುವರು. ಎಷ್ಟು ಕೆಂಪೋ ಅಷ್ಟು ಒಳ್ಳೆಯದು. ಬುಡ ಮೇಲು ಮಾಡಿ ನೋಡುವರು, ಗಾಜಿಗೆ ಅಂಟಿಕೊಂಡು ನಿಧಾನ ಇಳಿದರೆ ಅದರಲ್ಲಿ ಸತ್ವ ಇದೆ, ನೀರಿನಂತೆ ಇಳಿದರೆ ಕಂಪನಿಯವನು ಕಳ್ಳ. ಮೇಲೆ ದ್ರಾಕ್ಷಿಯದೋ ದಾಳಿಂಬೆಯದೋ ಚಿತ್ರ ಇದ್ದರೆ ಇನ್ನೂ ಒಳ್ಳೆಯದು. ಹಳದಿ ಬಣ್ಣದ ಬಿ-ಕಾಂಪ್ಲೆಕ್ಸ್ ತೋರಿಸಿದರೆ ಮುಖ ತಿರುಗಿಸುವರು. ಮೀನೆಣ್ಣೆಯ ಗುಳಿಗೆಯನ್ನು ಬೆರಳಿನಿಂದ ಒತ್ತಿ ನೋಡಿ ಪಕ್ಕಕ್ಕೆ ಸರಿಸುವರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಎಲ್ಲರಿಗೂ ಗೊತ್ತು. ಕೆಂಪಗಿರುವುದೆಲ್ಲ ರಕ್ತವಲ್ಲ ಎಂದು ಹೇಳಿದರೆ ಮಾತ್ರ ಯಾರೂ ಕೇಳುವುದಿಲ್ಲ.

ಈ ಓಡಾಟವೆಲ್ಲ ಹಾಜಿರಾಳಿಗಾಗಿ. ಹಾಜಿರಾ ಅವರ ಕಿರಿಯ ಮಗಳು, ಇಲ್ಲೇ ರಾಯಚೂರಿನ ಅಂದ್ರೂನ್ ಕಿಲ್ಲಾ ಓಣಿಗೆ ಕೊಟ್ಟಿದ್ದರು. ಚೊಚ್ಚಲ ಬಸುರಿ. ಏಳನೇ ತಿಂಗಳ ಶಾಸ್ತ್ರ ಮುಗಿಸಿಕೊಂಡು ಹೆರಿಗೆಗೆಂದು ಮಾನ್ವಿಗೆ ತಾಯಿಯ ಮನೆಗೆ ಬಂದಿದ್ದಳು. ಮಾನ್ವಿಯ ಡಾಕ್ಟರಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತ ಬಹಳ ಕಡಿಮೆ, ಹೆರಿಗೆಯ ಹೊತ್ತಿಗೆ ಏರದಿದ್ದರೆ ಜೀವಕ್ಕೆ ಅಪಾಯ ಎಂದು ನೇರವಾಗಿ ಹೇಳಿ, ಕಬ್ಬಿಣದ ಗುಳಿಗೆ ಬರೆದುಕೊಟ್ಟಿದ್ದರು. ಅದನ್ನು ಕೊಂಡದ್ದೂ ನನ್ನ ಅಂಗಡಿಯಲ್ಲೇ.

ಬೇರೆ ತಾಯಿಯಾಗಿದ್ದರೆ ಆ ಮಾತಿಗೆ ಅಂಜಿ ಸುಮ್ಮನಾಗುತ್ತಿದ್ದಳು. ಸುಗ್ರಾ ಬೇಗಂ ಅವರಿಗೆ ಅದನ್ನು ಕೇಳುವುದು ಅದು ಎರಡನೆಯ ಸಲ. ಅವರ ಹಿರಿಯ ಮಗಳು ರಜಿಯಾಳನ್ನು ದೇವದುರ್ಗಕ್ಕೆ ಕೊಟ್ಟಿದ್ದರು. ಅವಳೂ ಕೆಲವು ವರ್ಷಗಳ ಹಿಂದೆ ಚೊಚ್ಚಲಿಗೆಂದು ಮಾನ್ವಿಗೆ ಬಂದವಳು, ಹೆರಿಗೆಯಲ್ಲಿ ರಕ್ತ ಸಾಲದೆ, ರಾಯಚೂರಿನ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಹೋಗಿಬಿಟ್ಟಳು. ಕೂಸೂ ಉಳಿಯಲಿಲ್ಲ. ದೇವದುರ್ಗದವರು ಹೊಟ್ಟೆಗೆ ಹಾಕದೆ ಮಗಳನ್ನು ಕೊಂದರು ಎಂದು ಬೇಗಂ ಅಂದಿನಿಂದ ಹೇಳುತ್ತ ಬಂದಿದ್ದರು. ಅಳಿಯ ಸಲಾವುದ್ದೀನ್ ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆಗೆ ಬಂದಾಗ ಅವನನ್ನು ಹೊಸಿಲು ದಾಟಿಸಲಿಲ್ಲವಂತೆ. ನನ್ನ ಅಂಗಡಿಯಲ್ಲಿ ದೇವದುರ್ಗದ ಗಿರಾಕಿ ಇದ್ದರೆ ಅವನು ಹೋಗುವ ತನಕ ಅವರು ಹೊರಗೇ ನಿಲ್ಲುತ್ತಿದ್ದರು.

ಇದೆಲ್ಲ ಗೊತ್ತಿದ್ದರಿಂದ ನಾನು ಸಿಟ್ಟು ನುಂಗಿಕೊಂಡು ಬಾಟಲಿ ತೆಗೆದುಕೊಡುತ್ತಿದ್ದೆ. ಟಾನಿಕ್ ಒಯ್ಯಿರಿ, ಆದರೆ ಗುಳಿಗೆ ಮಾತ್ರ ಬಿಡಬೇಡಿ, ಕೆಲಸ ಮಾಡುವುದು ಅದೇ ಎಂದು ಪ್ರತಿ ಸಲ ಹೇಳುತ್ತಿದ್ದೆ. ಅವರು ಹ್ಞೂಂ ಎನ್ನುತ್ತಿದ್ದರು. ಮುಂದಿನ ವಾರ ಮತ್ತೆ ಪ್ರತ್ಯಕ್ಷ. ಹಿಂದಿನ ಬಾಟಲಿಯಿಂದ ಏನೂ ಆಗಲಿಲ್ಲ, ಹುಡುಗಿಯ ತುಟಿ ಇನ್ನೂ ಬೆಳ್ಳಗೇ ಇದೆ, ನಾಲ್ಕು ಹೆಜ್ಜೆ ನಡೆದರೆ ಉಸಿರು ಹಿಡಿಯುತ್ತದೆ, ಇದಕ್ಕಿಂತ ಕೆಂಪು ಇದ್ದರೆ ಕೊಡಿ. ಬೀಟ್‌ರೂಟ್, ದಾಳಿಂಬೆ, ಕುರಿಯ ಲಿವರ್ ಎಲ್ಲವೂ ಮನೆಯಲ್ಲಿ ನಡೆದಿತ್ತು. ತಿಂಗಳು ಒಂಬತ್ತರ ಕಡೆಗೆ ಓಡುತ್ತಿತ್ತು, ರಕ್ತ ಮಾತ್ರ ಇದ್ದಲ್ಲೇ ಇತ್ತು. ಡಾಕ್ಟರಮ್ಮ ಬೈದು ಕಳಿಸಿದ್ದರು.

ಒಂದು ದಿನ ನನಗೆ ತಡೆಯಲಾಗಲಿಲ್ಲ. ಅವರು ಹೊಸ ಬಾಟಲಿಯೊಂದನ್ನು ಬಿಸಿಲಿಗೆ ಹಿಡಿದು ನಿಂತಿದ್ದಾಗ ಅದನ್ನು ಕೈಯಿಂದ ತೆಗೆದುಕೊಂಡು ಕಪಾಟಿನಲ್ಲಿ ಇಟ್ಟುಬಿಟ್ಟೆ. ಗುಳಿಗೆ ನುಂಗಿದ್ದರೆ ಇಷ್ಟು ಹೊತ್ತಿಗೆ ರಕ್ತ ಏರಬೇಕಿತ್ತು, ನುಂಗಿಸುತ್ತಿದ್ದೀರೋ ಇಲ್ಲವೋ ಹೇಳಿ, ಅಲ್ಲಿಯ ತನಕ ನನ್ನ ಅಂಗಡಿಯಿಂದ ಒಂದು ಹನಿಯೂ ಸಿಗುವುದಿಲ್ಲ ಎಂದೆ. ಬೇರೆ ಗಿರಾಕಿಗಳು ತಿರುಗಿ ನೋಡಿದರು. ಬೇಗಂ ಹೋಗಲಿಲ್ಲ. ಬಾಗಿಲಿಗೆ ಹೋಗುವರು, ಬರುವರು, ಗ್ರೈಪ್ ವಾಟರಿನ ಬೆಲೆ ಕೇಳುವರು, ಕೊಳ್ಳದೆ ಇಡುವರು. ಅವರ ಬಸ್ಸಿನ ಹೊತ್ತು ಮೀರಿತು.

ಅಂಗಡಿ ಖಾಲಿಯಾದ ಮೇಲೆ ಅವರು ಪರದೆ ಪೂರ್ತಿ ಇಳಿಸಿಕೊಂಡು, ನನಗೆ ಬೆನ್ನು ಮಾಡಿ, ಕಪಾಟಿನ ಬಾಟಲಿಗಳಿಗೆ ಹೇಳುವವರ ಹಾಗೆ ಹೇಳಿದರು.

"ಯಂಕೋಬಣ್ಣಾ, ಗಂಡಸರ ಮುಂದ ಹೇಳೋ ಮಾತಲ್ಲ ಇದು. ಆ ಗುಳಿಗಿ ನುಂಗಿದ್ರ ಒಳಗಿಂದು ಸುಡ್ತದ. ಬಯಲ ಕಡಿ ಹೋದ್ರ ಇದ್ದಲಿ ಹಂಗ ಕರ್ರಗ ಬರ್ತದ. ನೋಡಿ ಎದಿ ಧಸಕ್ಕಂತು. ಅವತ್ತೇ ಬಿಡಿಸೀನಿ."

ನನಗೆ ನಗು ಬಂತು, ನಕ್ಕೇಬಿಟ್ಟೆ. ಇಷ್ಟು ದಿನ ತಲೆ ತಿಂದ ಗಂಟು ಇಷ್ಟು ಸುಲಭಕ್ಕೆ ಬಿಚ್ಚಿತಲ್ಲ ಎಂಬ ಖುಷಿ ಅದು.

"ಖಾಲಾ, ಕಬ್ಬಿಣ ಹೊಟ್ಟಿಗಿ ಹೋದ್ರ ಕರ್ರಗ ಆಗೋದೇ. ಸುಡೋದೂ ಇಲ್ಲ, ಏನೂ ಇಲ್ಲ. ಗುಳಿಗಿ ನುಂಗಿದವರಿಗೆಲ್ಲಾ ಹಂಗ ಆಗ್ತದ. ಅಂಜಿ ಬಿಟ್ಟವರೇ ಕೆಟ್ಟಾರ."

ಅವರು ತಿರುಗಿದರು. ಪರದೆ ಎತ್ತಿದರು, ಈ ಸಲ ಬಾಟಲಿ ನೋಡಲಿಕ್ಕಲ್ಲ. ಎಲ್ಲರಿಗೂ ಹಾಗೆ ಆಗುತ್ತದೆಯೇ ಎಂದು ಕೇಳಿದರು. ಎಲ್ಲರಿಗೂ ಎಂದೆ. ಮೊದಲಿನಿಂದಲೂ ಹಾಗೆಯೇ ಎಂದು ಕೇಳಿದರು. ಹೌದೆಂದೆ. ಎಂದೂ ಕೂಡದ ಹೆಂಗಸು ಅಂಗಡಿಯ ಮೆಟ್ಟಿಲ ಮೇಲೆ, ಬೀದಿಯಲ್ಲಿ ಹೋಗಿ ಬರುವವರ ಎದುರಿಗೇ, ಕುಸಿದು ಕೂತರು. ನನ್ನ ನಗು ಬಾಯಲ್ಲೇ ಉಳಿಯಿತು.

ರಜಿಯಾಳಿಗೂ ದೇವದುರ್ಗದ ಡಾಕ್ಟರು ಇದೇ ಗುಳಿಗೆ ಕೊಟ್ಟಿದ್ದರಂತೆ. ಅವಳ ಅತ್ತೆಯೇ ಪೊಟ್ಟಣ ಕಟ್ಟಿ, ದಿನಾ ಮರೆಯಬೇಡ ಎಂದು ಹೇಳಿ ಕಳಿಸಿದ್ದಳಂತೆ. ಮಾನ್ವಿಗೆ ಬಂದ ಮೇಲೆ ಮಗಳು ನಾಚಿಕೊಂಡು ತಾಯಿಗೆ ಕಪ್ಪಾಗುವ ಸಂಗತಿ ಹೇಳಿದಳು. ಕೇಳಲಿಕ್ಕೆ ಯಾರಿದ್ದಾರೆ? ಊರಲ್ಲಿ ಆಗ ಡಾಕ್ಟರಮ್ಮ ಇರಲಿಲ್ಲ, ಗಂಡಸು ಡಾಕ್ಟರಿಗೆ ಇಂಥ ಮಾತು ಹೇಳುವುದು ಹೇಗೆ? ದೇವದುರ್ಗದವರು ಕೊಟ್ಟದ್ದು ಕರುಳು ಸುಡುತ್ತಿದೆ ಎಂದು ತಿಳಿದು ತಾಯಿ ಪೊಟ್ಟಣವನ್ನೇ ಎತ್ತಿ ಹಳ್ಳಕ್ಕೆ ಚೆಲ್ಲಿ ಬಂದರು. ಹಾಜಿರಾಳಿಗೂ ಅದೇ ಕಪ್ಪು ಕಂಡಾಗ, ಬೈದಾರೆಂಬ ಅಂಜಿಕೆಗೆ ಡಾಕ್ಟರಮ್ಮನನ್ನೂ ಕೇಳಲಿಲ್ಲ. ಇಷ್ಟನ್ನು ಹೇಳಿ ಬೇಗಂ ಎದ್ದರು. ಹೊಸ ಗುಳಿಗೆ ಕಟ್ಟಿಕೊಡಲು ಹೇಳಿ, ಕಟ್ಟಿಕೊಂಡು, ಬಸ್ ಸ್ಟ್ಯಾಂಡಿನ ಕಡೆಗೆ ಬಿರಬಿರನೆ ನಡೆದರು.

ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಮುಗಿಯಲಿಲ್ಲ. ವಾರ ಕಳೆಯುವ ಮೊದಲೇ ತಾಯಿ ಮಗಳು ಇಬ್ಬರೂ ಬಂದು ಇಳಿದರು. ಹಾಜಿರಾಳನ್ನು ರಾಯಚೂರಿನ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿಕೊಂಡು ಬಂದಿದ್ದರು. ಹುಡುಗಿ ಮೆಟ್ಟಿಲು ಹತ್ತಿ ಕುರ್ಚಿ ಹಿಡಿದು ಏದುಸಿರು ಬಿಡುತ್ತಿದ್ದಳು, ಉಗುರೆಲ್ಲ ಸುಣ್ಣದ ಹಾಗೆ. ಅವಳು ಗುಳಿಗೆ ಮುಟ್ಟುತ್ತಿಲ್ಲ, ನೀನಾದರೂ ಬುದ್ಧಿ ಹೇಳು ಎಂದು ಬೇಗಂ ನನ್ನನ್ನು ಕೇಳಿಕೊಂಡರು.

ಮುಟ್ಟಿಯಾಳು ಹೇಗೆ? ಗುಳಿಗೆ ವಿಷ, ಕರುಳು ಸುಡುತ್ತದೆ ಎಂದು ತಿಂಗಳುಗಟ್ಟಲೆ ಅವಳ ತಲೆಗೆ ತುಂಬಿದವರು ಯಾರು? ಈಗ ಒಮ್ಮೆಲೇ ಅಮೃತ ಎಂದರೆ ಯಾರು ನಂಬುತ್ತಾರೆ? ನಾನು ಹೇಳಿ ನೋಡಿದೆ. ಮಾರುವವರು ಮಾರುವ ಮಾತೇ ಆಡುತ್ತಾರೆ ಎಂದು ಹುಡುಗಿ ನನ್ನ ಮುಖಕ್ಕೇ ಹೇಳಿದಳು, ತಪ್ಪೇನಿಲ್ಲ. ಆಸ್ಪತ್ರೆಯವರು ಹೇಳಿದ್ದಕ್ಕೂ ಅವಳದು ಅದೇ ಹಟ. ತನ್ನ ಹೊಟ್ಟೆಯ ಕೂಸನ್ನು ಸುಡಲು ತಾನು ತಯಾರಿಲ್ಲ ಎಂದಳು. ಆಮೇಲೆ ತಾಯಿಯ ಕಡೆ ತಿರುಗಿ ತಮ್ಮ ಮನೆಮಾತಿನಲ್ಲಿ ಕೇಳಿದಳು. ರಾಯಚೂರಿನಲ್ಲಿ ಅಂಗಡಿ ಇಟ್ಟವನಿಗೆ ದಖನಿ ಬಾರದೆ ಇರುತ್ತದೆಯೇ? ಅಮ್ಮೀ, ರಜಿಯಾ ಆಪಾಗೆ ಯಾಕೆ ಈ ಗುಳಿಗೆ ಕೊಡಲಿಲ್ಲ, ಅವಳಿಗೂ ರಕ್ತ ಕಡಿಮೆ ಇತ್ತಲ್ಲ ಎಂದು ಅವಳು ಕೇಳಿದ್ದು.

ಬೇಗಂ ಬಾಗಿಲಿಗೆ ಹೋದರು. ತಿರುಗಿ ಬಂದರು. ಬುರ್ಖಾದ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಅಕ್ಕ ಸತ್ತದ್ದು ದೇವದುರ್ಗದವರಿಂದ ಎಂದೇ ಈ ಹುಡುಗಿ ನಂಬಿ ಬೆಳೆದವಳು. ಹೇಳದಿದ್ದರೆ ಇವಳು ನುಂಗುವುದಿಲ್ಲ, ಹೇಳಿದರೆ ತಾಯಿಯ ಮುಖ ನೋಡುತ್ತಾಳೋ ಇಲ್ಲವೋ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಆದರೆ ಅಂಗಡಿ ಬಿಟ್ಟು ಹೋಗುವುದೆಲ್ಲಿಗೆ?

"ದಿಯೇ ಥೇ," ಎಂದರು ಬೇಗಂ. ಕೊಟ್ಟಿದ್ದರು. "ಮೈಚ್ ಫೇಂಕಿ."

ನಾನೇ ಎಸೆದೆ ಎಂದು. ಅಷ್ಟೇ ಮಾತು. ಹಾಜಿರಾ ಅಳಲಿಲ್ಲ, ಬಯ್ಯಲಿಲ್ಲ. ನನ್ನ ಕಡೆಗೆ ಕೈ ಚಾಚಿ ನೀರು ಕೇಳಿದಳು. ಒಂದು ಗುಳಿಗೆ ನುಂಗಿದಳು. ಬಸ್ ಸ್ಟ್ಯಾಂಡಿಗೆ ಹೋಗುವಾಗ ತಾಯಿ ಹಿಡಿಯಲು ಬಂದ ಕೈಯನ್ನು ಅವಳು ಹಿಡಿಯಲಿಲ್ಲ, ಒಬ್ಬಳೇ ನಿಧಾನ ನಡೆದಳು. ಬೇಗಂ ನಾಲ್ಕು ಹೆಜ್ಜೆ ಹಿಂದೆ ನಡೆದರು.

ಆಮೇಲೆ ಅವರು ಬರುವುದು ನಿಂತಿತು. ಗುಳಿಗೆ, ಜೊತೆಗೆ ಆಸ್ಪತ್ರೆಯವರು ಬರೆದ ಸೂಜಿಮದ್ದು ಎಲ್ಲವನ್ನೂ ಮಹಮ್ಮದ್ ಹುಸೇನ್ ಅವರೇ ಬಂದು ಒಯ್ಯುತ್ತಿದ್ದರು. ಮನೆಯ ವಿಷಯ ಅವರು ಎತ್ತುತ್ತಿರಲಿಲ್ಲ, ನಾನು ಕೇಳುತ್ತಿರಲಿಲ್ಲ. ಹೆರಿಗೆಯ ದಿನ ಹತ್ತಿರ ಬಂದಂತೆ ನನಗೂ ನಿದ್ದೆ ಸರಿಯಾಗಿ ಹತ್ತುತ್ತಿರಲಿಲ್ಲ. ಊರಿನವರ ಹೆರಿಗೆಗೆಲ್ಲ ನೀವೇಕೆ ಬೇನೆ ತಿನ್ನುತ್ತೀರಿ ಎಂದು ಹೆಂಡತಿ ಅಣಕಿಸಿದಳು. ಮಾನ್ವಿಯ ಕಂಡಕ್ಟರು ಸಿಕ್ಕರೆ ಬಜಾರಿನ ಬಟ್ಟೆ ಅಂಗಡಿ ತೆರೆದಿದೆಯೋ ಮುಚ್ಚಿದೆಯೋ ಎಂದು ವಿಚಾರಿಸುತ್ತಿದ್ದೆ.

ಮುಂಗಾರಿನ ಮೊದಲ ಮಳೆ ಬಿದ್ದ ವಾರ ಸುಗ್ರಾ ಬೇಗಂ ಬಂದರು. ಕೈಯಲ್ಲಿ ಪೇಢೆಯ ಪೊಟ್ಟಣ. ಹಾಜಿರಾಳಿಗೆ ಹೆಣ್ಣು ಕೂಸು, ಇಬ್ಬರೂ ಸುಖವಾಗಿದ್ದಾರೆ, ಹೆರಿಗೆಯಲ್ಲಿ ರಕ್ತ ಹೋದರೂ ತಡೆದುಕೊಂಡಳು, ಗುಳಿಗೆ ನುಂಗದಿದ್ದರೆ ಕಷ್ಟವಿತ್ತು ಎಂದು ಡಾಕ್ಟರಮ್ಮ ಹೇಳಿದರಂತೆ. ಮಗಳು ಮಾತಾಡಲು ಶುರುಮಾಡಿದ್ದಾಳೆ, ಕೂಸನ್ನು ತನ್ನ ಕೈಗೇ ಕೊಟ್ಟಳು ಎಂದರು. ನನಗೆ ಆದ ಸಂತೋಷಕ್ಕೆ ಬಾಯಿ ಹಿಡಿಯಲಿಲ್ಲ. ಎರಡು ಪೇಢೆ ಒಟ್ಟಿಗೇ ಬಾಯಿಗೆ ಹಾಕಿಕೊಂಡು, ಇನ್ನಾದರೂ ಆರಾಮ ಕೂಡ್ರಿ ಖಾಲಾ, ನಿಮ್ಮ ಎದೆಯ ಭಾರ ಇಳಿಯಿತಲ್ಲ ಎಂದು ಕುರ್ಚಿ ಮುಂದೆ ಸರಿಸಿದೆ.

ಅವರು ಕೂಡಲಿಲ್ಲ. ಬಾಗಿಲ ಕಡೆಗೆ ನೋಡುತ್ತ ನಿಂತರು.

"ಇಕಿನೂ ಹೋಗಿದ್ರ, ನಮ್ಮ ನಸೀಬ ಅಂತ ಅಂದು ಅತ್ತು ಸುಮ್ಮ ಆಗ್ತಿದ್ದೆ, ಯಂಕೋಬಣ್ಣಾ. ಇಕಿ ಉಳದಾಳ. ಅಂದ್ರ ರಜಿಯಾನೂ ಉಳೀತಿದ್ಲು."

ಆಮೇಲೆ ದೇವದುರ್ಗದ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿದರು. ರಜಿಯಾಳ ಅತ್ತೆಯ ಮುಂದೆ ಹೋಗಿ ನಿಲ್ಲಬೇಕು ಎಂದರು. ಮಳೆ ಬರುವ ಹಾಗಿದೆ, ನಾಳೆ ಹೋಗಿ ಎಂದೆ. ಅವರು ಆಗಲೇ ಮೆಟ್ಟಿಲು ಇಳಿದಿದ್ದರು.