ಅಣ್ಣ ಮಾತ್ರೆ ನುಂಗಿದ್ದು

ನಮ್ಮಣ್ಣನ ಕುಡಿತ ಕಂಡರೆ ನನಗೆ ಮರುಕ ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗುಮ್ಮಘಟ್ಟದ ಹತ್ತಿರ ನಮ್ಮೂರಲ್ಲಿ ಅವನು ಕುರಿ ಕಾಯುತ್ತಾನೆ. ನಾನು ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮಿಷನ್ ಮುಂದೆ ಕೂರುತ್ತೇನೆ. ರಜೆ ಸಿಕ್ಕಾಗ ಊರಿಗೆ ಹೋದರೆ ಚಪ್ಪಲಿ ಬಿಡುವ ಮುಂಚೆ ಅವನಿಗೆ ಬೈಗುಳ ಶುರು. ಅವನು ಎಲ್ಲ ಕೇಳಿಸಿಕೊಂಡು, "ಬೈದು ಮುಗೀತಾ ತಂಗಿ? ಉಣ್ಣು ಬಾ" ಅಂತ ನಗುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

ಅವನು ಇಡದ ಆಣೆ ಇಲ್ಲ. ಅವ್ವನ ಮೇಲೆ ಇಟ್ಟ, ಮಕ್ಕಳ ಮೇಲೆ ಇಟ್ಟ, ನನ್ನ ಮೇಲೂ ಇಟ್ಟ. ಎಲ್ಲವನ್ನೂ ಸಂಜೆಯಾಗುವುದರೊಳಗೆ ನುಂಗಿ ನೀರು ಕುಡಿದ. ನೀರೊಂದೇ ಕುಡಿದಿದ್ದರೆ ಚೆನ್ನಾಗಿತ್ತು. ಒಂದನ್ನು ಮಾತ್ರ ಅವನು ಮುಟ್ಟಿರಲಿಲ್ಲ, ಬೀರಪ್ಪನ ಭಂಡಾರ. ದೇವರ ಮುಂದಿನ ಅರಿಶಿನ ಪುಡಿಗೆ ನಾವು ಹಾಗನ್ನುತ್ತೇವೆ. ಕುರಿ ಕಳುವಾಗಲಿ, ಹೊಲದ ಬದುವಿನ ಜಗಳವಾಗಲಿ, ನಮ್ಮವರಲ್ಲಿ ಕೊನೆಯ ಮಾತು ಅದೇ. ಭಂಡಾರ ಮುಟ್ಟಿ ಹೇಳಿದವನನ್ನು ಮತ್ತೆ ಯಾರೂ ಕೇಳುವುದಿಲ್ಲ, ಹೇಳಿದವನೂ ತಪ್ಪುವುದಿಲ್ಲ. ತಪ್ಪಿದರೆ ದೇವರು ಕಣ್ಣನ್ನೋ ಕಾಲನ್ನೋ ಕಿತ್ತುಕೊಳ್ಳುತ್ತಾನೆಂಬ ಭಯ ಈಗಲೂ ಇದೆ.

ಹೋದ ವರ್ಷ ಅಣ್ಣ ಕುಡಿದು ಬಿದ್ದಿದ್ದಾಗ ನಾಯಿಗಳು ಹಟ್ಟಿಗೆ ನುಗ್ಗಿ ಎಳೆಯ ಮರಿಗಳನ್ನು ಹರಿದು ಹಾಕಿದವು. ಎಚ್ಚರವಾದ ಮೇಲೆ ಅದನ್ನು ನೋಡಿದವನು ಯಾರೊಡನೆಯೂ ಮಾತಾಡದೆ ಗುಡಿಗೆ ಹೋಗಿ, ಅಂಗೈ ತುಂಬ ಭಂಡಾರ ಹಿಡಿದು, "ನಶಾ ಬರೋದು ಯಾವುದೂ ಇನ್ನ ನಾಲಿಗಿಗೆ ತಾಗಸಲ್ಲ" ಎಂದುಬಿಟ್ಟ. ಪೂಜಾರಿಯೇ ಮನೆಗೆ ಬಂದು ಸುದ್ದಿ ಹೇಳಿದ. ಅತ್ತಿಗೆ ಅಳುತ್ತಲೇ ಪಾಯಸ ಮಾಡಿದಳು. ವರ್ಷಗಟ್ಟಲೆ ಸಾರಾಯಿಗೆ ಒಗ್ಗಿದ ಮೈ ಒಮ್ಮೆಲೇ ಬಿಟ್ಟರೆ ತಡೆದುಕೊಳ್ಳುವುದಿಲ್ಲ ಎಂಬುದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅಣ್ಣ ಮಾತು ಉಳಿಸಿಕೊಂಡ, ಅದೇ ಅಪಾಯ ತಂದಿತು. ಮೊದಲು ಕೈ ನಡುಗಿತು, ಬೆವರು ಸುರಿಯಿತು, ಅನ್ನ ಸೇರಲಿಲ್ಲ. ಆಮೇಲೆ ಖಾಲಿ ಗೋಡೆ ನೋಡಿ ಸತ್ತ ಮರಿಗಳನ್ನು ಕರೆಯತೊಡಗಿದ. ಬೀರಪ್ಪ ಮೈಮೇಲೆ ಬಂದಿದ್ದಾನೆಂದು ಊರವರು ಕಾಯಿ ಒಡೆದರು. ಅಷ್ಟರಲ್ಲಿ ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದು ನೆಲಕ್ಕೆ ಬಿದ್ದ. ಆಗ ಅತ್ತಿಗೆ, "ದೇವ್ರು ಬಂದ್ರ ಹಿಂಗ ನಾಲಿಗಿ ಕಡಕೊಳ್ಳಲ್ಲ. ಆಟೋ ಕರೀರಿ" ಎಂದಳು. ತೊಡೆಯ ಮೇಲೆ ಅವನ ತಲೆ ಇಟ್ಟುಕೊಂಡು ರಾಯದುರ್ಗದ ಆಸ್ಪತ್ರೆಗೆ ತಂದಳು. ನಾನು ಅರ್ಧ ಹೊಲಿದ ಪ್ಯಾಂಟನ್ನು ಹಾಗೇ ಬಿಟ್ಟು ಓಡಿದೆ.

ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟು ಫಿಟ್ಸ್ ನಿಲ್ಲಿಸಿದರು. ಮರುದಿನ ಅಣ್ಣನಿಗೆ ಪೂರ್ತಿ ತಿಳಿವು ಬಂದಿತ್ತು. ಅವರು ಮಾತ್ರೆ ತಂದು ಕೈಗೆ ಕೊಟ್ಟಾಗ ಅವನು ಅದನ್ನು ತಿರುವಿ ಮುರುವಿ ನೋಡಿ, "ಇದು ಏನ್ ಮಾಡ್ತೈತ್ರಿ?" ಎಂದು ಕೇಳಿದ.

ಆ ತಾಯಿ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ತೆಲುಗು ಬೆರೆತ ಕನ್ನಡದಲ್ಲಿ, "ಸಾರಾಯಿ ನಿನ್ನ ಮೆದುಳಿಗೆ ಏನು ಮಾಡ್ತಿತ್ತೋ ಹೆಚ್ಚುಕಮ್ಮಿ ಅದನ್ನೇ ಮಾಡುತ್ತೆ ನಾಯ್ನಾ. ಫಿಟ್ಸ್ ಮತ್ತೆ ಬರದ ಹಾಗೆ ತಡೆಯುತ್ತೆ. ದಿನಾ ಸ್ವಲ್ಪ ಸ್ವಲ್ಪ ತಗ್ಗಿಸಿ ನಿಲ್ಲಿಸಿಬಿಡ್ತೀವಿ" ಎಂದರು.

"ಅಂದ್ರ ಇದೂ ನಶಾನ."

"ಸ್ವಲ್ಪ ಇರುತ್ತೆ."

ಅಣ್ಣ ಮಾತ್ರೆಯನ್ನು ವಾಪಸು ಅವರ ಕೈಗಿಟ್ಟ. "ಹಂಗಾರ ಬ್ಯಾಡ್ರಿ. ನಾ ಭಂಡಾರ ಮುಟ್ಟೀನಿ."

ನನಗೆ ಪಿತ್ತ ನೆತ್ತಿಗೇರಿತು. "ಇಷ್ಟು ವರ್ಷ ಬರೀ ಸುಳ್ಳು ಆಣಿ ಇಟ್ಟಿ. ಸಾಯೋ ಹೊತ್ತಿನ್ಯಾಗ ಸತ್ಯವಂತ ಆಗಾಕ ಹೊಂಟೀಯೇನು?" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಾಡಿದೆ.

"ಅದಕ್ಕ ತಂಗಿ," ಎಂದ ಅಣ್ಣ. "ಇದೊಂದಾರ ಉಳೀಲಿ."

ಡಾಕ್ಟರಮ್ಮ ನಮ್ಮನ್ನು ಪಕ್ಕಕ್ಕೆ ಕರೆದು, ಇನ್ನೊಮ್ಮೆ ಫಿಟ್ಸ್ ಬಂದರೆ ಜೀವಕ್ಕೇ ಅಪಾಯ ಎಂದರು. ಜೀವ ಹೋಗುವಂತಾದರೆ ಇಂಜೆಕ್ಷನ್ ಚುಚ್ಚುತ್ತಾರಂತೆ, ಆದರೆ ದಿನಾ ಮಾತ್ರೆ ನುಂಗುವುದಕ್ಕೆ ಅವನೇ ಬಾಯಿ ತೆರೆಯಬೇಕು. "ಈ ಆಣೆಯನ್ನ ಯಾರು ಬಿಡಿಸಬಹುದು?" ಎಂದು ಕೇಳಿದರು. ಕೇಳಿದ ರೀತಿಯಲ್ಲಿ ನಗು ಇರಲಿಲ್ಲ, ತಾತ್ಸಾರವೂ ಇರಲಿಲ್ಲ. ಯಾರಿಗೂ ಆಗುವುದಿಲ್ಲ ಎಂದೆ ನಾನು.

ಅತ್ತಿಗೆ ನಲ್ಲಿಯ ಹತ್ತಿರ ಹೋಗಿ ಕೈಕಾಲು ತೊಳೆದು ಬಂದಳು. ಸೆರಗಿನ ಗಂಟು ಬಿಚ್ಚಿ, ಅವನ ಹಣೆಗೆಂದು ತಂದಿದ್ದ ಭಂಡಾರವನ್ನು ಅಂಗೈಗೆ ಸುರಿದುಕೊಂಡು ಮಂಚದ ಮುಂದೆ ನಿಂತಳು. "ಬೀರಪ್ಪಾ, ಈ ಮಾತ್ರಿ ಅಂವ ತಿನ್ನಲ್ಲ, ನಾ ತಿನ್ನಸ್ತೀನಿ. ತಪ್ಪಾದ್ರ ನನ್ನ ಕೇಳು. ನನ್ನ ಕಣ್ಣು ತಗೋ, ಕಾಲು ತಗೋ. ಅಂವನ ಗೊಡವಿಗಿ ಹೋಗಬ್ಯಾಡ."

ಓದುವವರಿಗೆ ಇದು ಉಪಾಯ ಅನ್ನಿಸಬಹುದು. ಅಲ್ಲ. ನಮ್ಮತ್ತಿಗೆ ಆ ದೇವರನ್ನು ನನಗಿಂತ ಹೆಚ್ಚು ನಂಬಿದವಳು. ಕಣ್ಣು ಹೋದರೂ ಹೋಗಲಿ ಎಂದು ನಿಜವಾಗಿಯೂ ಒಪ್ಪಿಕೊಂಡೇ ಆ ಮಾತು ಆಡಿದಳು. ಅವಳ ತುಟಿ ಬೆಳ್ಳಗಾಗಿತ್ತು. ಅಂಥ ಧೈರ್ಯವನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ, ನನ್ನಲ್ಲಂತೂ ಇಲ್ಲ.

"ಬಾಯಿ ತಗಿ" ಎಂದಳು. ಅಣ್ಣ ಅವಳ ಅಂಗೈಯ ಭಂಡಾರ ನೋಡಿದ, ಅವಳ ಮುಖ ನೋಡಿದ. ಆಮೇಲೆ ತೆರೆದ. ನೀರಿನ ಲೋಟ ಹಿಡಿದದ್ದು ಡಾಕ್ಟರಮ್ಮ.

ಅವತ್ತಿನಿಂದ ಮಾತ್ರೆಯನ್ನು ಅತ್ತಿಗೆಯ ಕೈಗೇ ಕೊಡಬೇಕು, ನುಂಗುವವರೆಗೆ ಪಕ್ಕದಲ್ಲಿ ನಿಂತಿರಬೇಕು ಎಂದು ಅವರು ನರ್ಸುಗಳಿಗೆ ಹೇಳಿಟ್ಟರು. ಬೆಳಿಗ್ಗೆ ಬಂದಾಗ ಅಣ್ಣನ ಎರಡೂ ಕೈ ಮುಂದೆ ಚಾಚಿಸಿ ಬೆರಳುಗಳ ನಡುಕ ನೋಡುವರು, ಆಮೇಲೆ ಮಾತ್ರೆ ಎಷ್ಟು ಎಂದು ತೀರ್ಮಾನಿಸುವರು. ಕುರಿ ಕಾಯುವವನ ಬೆರಳನ್ನು ಅಷ್ಟು ಹೊತ್ತು, ಅಷ್ಟು ಮರ್ಯಾದೆಯಿಂದ ನೋಡುವವರನ್ನು ನಾನು ಅಲ್ಲೇ ಕಂಡದ್ದು. ಮಾತ್ರೆ ಅರ್ಧವಾಯಿತು, ಕಾಲಾಯಿತು, ಒಂದು ದಿನ ಇಲ್ಲವೇ ಆಯಿತು. ಅಣ್ಣ ಮುದ್ದೆ ಕೇಳಿ ಉಂಡ.

ಮನೆಗೆ ಹೊರಟಾಗ ಅವನು ಅತ್ತಿಗೆಯ ಮುಂದೆ ಕೈ ಚಾಚಿದ. "ಮಾತ್ರಿ ಮುಗೀತು. ನಿನ್ನ ತಲಿ ಮ್ಯಾಲಿನ ಆಣಿ ಭಾರ ಇನ್ನ ನನಗ ಕೊಡು. ಗುಡಿಗಿ ಹೋಗಿ ಮತ್ತ ಆಣಿ ಇಡ್ತೀನಿ."

"ಆಣಿ ಸಾಕು," ಎಂದಳು ಅತ್ತಿಗೆ. "ಕುಡೀಬೇಕು ಅನಸಿದ್ರ ಬಾಯಿಬಿಟ್ಟು ಹೇಳು. ನನಗಾರ ಹೇಳು, ನಿನ್ನ ತಂಗಿಗಾರ ಹೇಳು."

ಡಾಕ್ಟರಮ್ಮ ತಲೆಯಾಡಿಸಿದರು. ಹಾಗೆ ಅನ್ನಿಸಿಯೇ ಅನ್ನಿಸುತ್ತದೆ, ಅನ್ನಿಸಿದ ದಿನವೇ ಇಲ್ಲಿಗೆ ಬರಬೇಕು ಎಂದರು. ನನಗೆ ನಂಬಿಕೆ ಹುಟ್ಟಲಿಲ್ಲ. ಭಂಡಾರ ಮುಟ್ಟುವುದು ಅಣ್ಣನಿಗೆ ಸುಲಭ. ನೋವಾಗಿದೆ, ಬೇಕಾಗಿದೆ ಎಂದು ಬಾಯಿಬಿಟ್ಟು ಹೇಳಿದ ಗಂಡಸು ನಮ್ಮ ಮನೆಯಲ್ಲಿ ಅದುವರೆಗೆ ಹುಟ್ಟಿರಲಿಲ್ಲ.

ಮೊನ್ನೆ ಮೊನ್ನೆ ಮಧ್ಯಾಹ್ನ ಮಿಷನ್ ಮುಂದೆ ಕೂತಿದ್ದಾಗ ಫೋನ್ ಬಂತು. ಅಣ್ಣ ತಾನಾಗಿ ನನಗೆ ಫೋನ್ ಮಾಡಿದವನೇ ಅಲ್ಲ.

"ತಂಗಿ, ನಿಮ್ಮತ್ಗಿ ಕುರಿ ಹೊಡಕೊಂಡು ಭೈರವಾನಿತಿಪ್ಪದ ಕಡಿ ಹೋಗ್ಯಾಳ, ಫೋನ್ ಹತ್ತವಲ್ದು," ಎಂದ. "ಇವತ್ತು ಭಾಳ ಬೇಕನಸಾಕತ್ತೈತಿ."

"ಎಲ್ಲಿದ್ದೀ?"

"ಆಟೋ ನಿಲ್ಲೋ ಕಟ್ಟಿ ಮ್ಯಾಲೆ. ಸಾರಾಯಿ ಅಂಗಡಿ ಎದುರಿಗೇ ಐತಿ."

"ಕುಂದರು. ಫೋನ್ ಇಡಬ್ಯಾಡ. ನಾ ಬಂದೆ."

ದಾರಿಯುದ್ದಕ್ಕೂ ಅವನು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. ಆಟೋ ಇಳಿದು ಎದುರಿಗೆ ಹೋಗಿ ನಿಂತರೂ ಅವನು ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದೇ ಇದ್ದ. ನನ್ನನ್ನು ನೋಡುತ್ತಾ ಫೋನಿನಲ್ಲೇ ಹೇಳಿದ, "ಕುಡಿದಿಲ್ಲ, ತಂಗಿ."

ಯಾವ ಆಣೆಯನ್ನೂ ಇಡಲಿಲ್ಲ. ನಾನು ನಂಬಿದೆ.