ಮೂರನೆಯ ಹೆಸರು

ಮೌಂಟನ್ ವ್ಯೂನ ನಮ್ಮ ಅಪಾರ್ಟ್‌ಮೆಂಟಿನ ಅಂಚೆಪೆಟ್ಟಿಗೆಯಲ್ಲಿ ಮೊನ್ನೆ ಒಂದು ನುಣುಪು ಕಾಗದ ಬಿದ್ದಿತ್ತು. ಸಿಟಿ ಕೌನ್ಸಿಲ್ಲಿಗೆ ನಿಂತವರೊಬ್ಬರ ಪ್ರಚಾರಪತ್ರ. ಅಂಥದ್ದನ್ನು ಓದದೆ ಎಸೆಯುವುದು ಆರೋಗ್ಯವಂತರ ಲಕ್ಷಣ. ನಾನೋ ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಸುದ್ದಿ ತಿದ್ದುತ್ತ ಆಯುಷ್ಯ ಸವೆಸಿದವನು, ಕೊನೆಯ ಸಣ್ಣಕ್ಷರದವರೆಗೂ ಓದುತ್ತೇನೆ. ಈ ಸಲ ಅಕ್ಷರಕ್ಕೆ ಹೋಗಲೇ ಇಲ್ಲ, ಚಿತ್ರದಲ್ಲೇ ನಿಂತೆ. ಅಭ್ಯರ್ಥಿಯ ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಅಕ್ಕಪಕ್ಕ ರೇಷ್ಮೆ ಸೀರೆಯುಟ್ಟ ನಮ್ಮ ಹೆಣ್ಣುಮಕ್ಕಳು. ಚಿತ್ರದ ಕೆಳಗೆ ಅಭ್ಯರ್ಥಿಯ ಹೆಸರಿತ್ತು. ಉಳಿದವರದು ಇರಲಿಲ್ಲ.

ಲಿಫ್ಟಿನ ಬಳಿ ಪಕ್ಕದ ಮನೆಯ ಸುಧೀಂದ್ರ ಸಿಕ್ಕರು. ಆ ಪೇಟ ತೊಡಿಸಿದವರು ಅವರೇ.

"ಹೆಂಗಿದೆ ಸರ್ ಫೋಟೋ? ನಮ್ ಕಮ್ಯೂನಿಟಿಗೆ ಎಂಥಾ ವಿಸಿಬಿಲಿಟಿ ನೋಡಿ!"

"ಪೇಟ ಕೊಟ್ಟು ಏನು ಕೇಳಿದ್ರಿ?"

"ಕೇಳೋದೇನು ಸರ್? ಕರೆದ ತಕ್ಷಣ ಬಂದ್ರಲ್ಲ! ಕೇಸರಿಬಾತು ಎರಡು ಸಲ ಹಾಕಿಸ್ಕೊಂಡ್ರು."

"ಬರದೆ ಏನು? ಪುಕ್ಕಟೆ ಸನ್ಮಾನಕ್ಕೆ ಯಾರಾದ್ರೂ ಬರ್ತಾರೆ," ಎಂದುಬಿಟ್ಟೆ. ಅವರ ಮುಖ ಸಣ್ಣಗಾಯಿತು. ಒಂದು ಪೇಟಕ್ಕೆ ಇಷ್ಟು ಸಿಟ್ಟೇ ಎಂದು ನಿಮಗೂ ಅನಿಸಬಹುದು. ಆ ಸಿಟ್ಟು ಸುಧೀಂದ್ರರ ಮೇಲಿನದಲ್ಲ. ಅದು ಹುಟ್ಟಿದ್ದು ಶಾಂತಸಾಗರದ ಆಚೆ ದಡದಲ್ಲಿ.

ಕೆಲವು ವರ್ಷಗಳ ಹಿಂದೆ ಸಿಡ್ನಿಯಲ್ಲಿರುವ ಶಾಂತಕ್ಕನ ಮನೆಗೆ ಹೋಗಿದ್ದೆ. ಶಾಂತಕ್ಕ ನನ್ನ ದೊಡ್ಡಮ್ಮನ ಮಗಳು, ಧಾರವಾಡದಲ್ಲಿ ಬೆಳೆದವಳು. ಸಿಡ್ನಿಯ ಡೇಕೇರೊಂದರಲ್ಲಿ ಎರಡು ತಲೆಮಾರಿನ ಮಕ್ಕಳ ಮೂಗು ಒರೆಸಿ ನಿವೃತ್ತಳಾದವಳು. ಅವಳ ಬಡಾವಣೆಯ ಮುಂದೊಂದು ಅಗಲವಾದ ರಸ್ತೆ. ಈಚೆ ಮನೆಗಳು, ಆಚೆ ಬಸ್ ನಿಲ್ದಾಣ, ನಡುವೆ ದಾಟಲು ಒಂದು ಬಿಳಿ ಪಟ್ಟೆಯೂ ಇಲ್ಲ. ಅವಳ ಗೆಳತಿ ಮೀನಾಕ್ಷಿಗೆ ಕಾರು ಹೊಡೆದದ್ದು ಅಲ್ಲೇ. ಅಂದಿನಿಂದ ಮೀನಾಕ್ಷಿ ಕೋಲು ಹಿಡಿದೇ ನಡೆಯುತ್ತಾಳೆ. ಅಕ್ಕ ಕೌನ್ಸಿಲ್ಲಿಗೆ ಮೇಲಿಂದ ಮೇಲೆ ಬರೆದಳು. ಪ್ರತಿ ಸಲವೂ ಬಹಳ ಸಭ್ಯವಾದ ಉತ್ತರ ಬಂತು.

ಅಷ್ಟರಲ್ಲಿ ಅಲ್ಲಿನ ರಾಜ್ಯದಾದ್ಯಂತ ಸ್ಥಳೀಯ ಕೌನ್ಸಿಲ್ ಚುನಾವಣೆ. ಗ್ರೆಗ್ ಎಂಬ ಅಭ್ಯರ್ಥಿ ಅಕ್ಕನ ಮನೆಗೇ ಬಂದ, ಏಲಕ್ಕಿ ಚಹಾ ಕುಡಿದ, ಮೀನಾಕ್ಷಿಯ ಕೋಲನ್ನು ನೋಡಿ ತಲೆ ಅಲ್ಲಾಡಿಸಿದ. "ನಮ್ಮ ಗುಂಪಿನಲ್ಲಿ ನೀವೂ ನಿಲ್ಲಬೇಕು," ಎಂದ. ಅವನ ಗುಂಪಿನಲ್ಲಿ ಮೊದಲ ಹೆಸರು ಅವನದೇ, ಅಕ್ಕನದು ಮೂರನೆಯ ಹೆಸರು.

ನಮ್ಮ ಕಡೆಯವರ ಲೆಕ್ಕ ನಿಮಗೆ ಗೊತ್ತಲ್ಲ? ಉಮೇದುವಾರಿಕೆ ಸಿಕ್ಕಿತೆಂದರೆ ಅರ್ಧ ಗೆದ್ದ ಹಾಗೆ. ಅಲ್ಲಿನ ಕನ್ನಡ ಕೂಟದವರು ಚುನಾವಣೆಗೆ ಮೊದಲೇ ಅಕ್ಕನನ್ನು ಕೂರಿಸಿ, ಫಲತಾಂಬೂಲ ಕೊಟ್ಟು, ಹೋಳಿಗೆ ಊಟ ಹಾಕಿದರು. ಗ್ರೆಗ್ ಮೊದಲ ಪಂಕ್ತಿಯಲ್ಲೇ ಉಂಡ.

ಮತದಾನ ಪ್ರಾಥಮಿಕ ಶಾಲೆಯೊಂದರಲ್ಲಿ. ಆ ದೇಶದಲ್ಲಿ ಮತ ಹಾಕದಿದ್ದರೆ ದಂಡ, ಹಾಗಾಗಿ ಊರಿಗೆ ಊರೇ ಬರುತ್ತದೆ. ಅಂಗಳದಲ್ಲಿ ಸಾಸೇಜು, ಈರುಳ್ಳಿ ಸುಡುವ ಹೊಗೆ. ಗೇಟಿನಲ್ಲಿ ಬಣ್ಣಬಣ್ಣದ ಅಂಗಿಯವರು ಹೇಗೆ ಮತ ಹಾಕಬೇಕೆಂಬ ಚೀಟಿ ಹಂಚುತ್ತಾರೆ. ಅಕ್ಕನೂ ಬೆಳಗಿನಿಂದ ನಿಂತು ಕಂಡಕಂಡ ನಮ್ಮವರಿಗೆಲ್ಲ ಹಂಚಿದಳು: "ಮ್ಯಾಲಿನ ಚೌಕದಾಗ ಒಂದು ಅಂತ ಬರೀರಿ, ಸಾಕು. ನಮ್ಮ ರಸ್ತೆ ಮರೀಬ್ಯಾಡ್ರಿ!"

ನನಗೆ ಮತವಿಲ್ಲ, ಕೆಲಸವೂ ಇಲ್ಲ. ಗೋಡೆಗೆ ಅಂಟಿಸಿದ್ದ ಮಾದರಿ ಮತಪತ್ರವನ್ನು ಅಭ್ಯಾಸಬಲದಿಂದ ಪೂರ್ತಿ ಓದಿದೆ. ಒಂದು ದಪ್ಪ ಗೆರೆ. ಮೇಲೆ ಗುಂಪಿಗೊಂದು ಚೌಕ, ಕೆಳಗೆ ಅಭ್ಯರ್ಥಿಗಳ ಹೆಸರುಗಳು. ಮೇಲಿನ ಚೌಕಕ್ಕೆ ಬಿದ್ದ ಮತ ಮೊದಲು ಒಂದನೆಯವನಿಗೆ. ಅವನು ಗೆಲ್ಲುವಷ್ಟಾಗಿ ಮಿಕ್ಕಿದರೆ ಎರಡನೆಯವನಿಗೆ. ಮೂರನೆಯವಳಿಗೆ ಹನಿಯೂ ತಲುಪುವುದಿಲ್ಲ. ಇಂತಿಷ್ಟು ಜನ ನಿಲ್ಲದಿದ್ದರೆ ಗುಂಪಿಗೆ ಆ ಚೌಕವೇ ಸಿಗುವುದಿಲ್ಲವೆಂದು ಅಲ್ಲಿದ್ದ ಚುನಾವಣಾ ಸಿಬ್ಬಂದಿ ವಿವರಿಸಿದರು. ಅಕ್ಕನನ್ನು ನಿಲ್ಲಿಸಿದ್ದು ಗೆಲ್ಲಲಿಕ್ಕಲ್ಲ. ಚೌಕ ಸಿಗಲಿಕ್ಕೆ, ಜೊತೆಗೆ ನಮ್ಮವರ ಮತ ಸಿಗಲಿಕ್ಕೆ.

ಪಕ್ಕಕ್ಕೆ ಕರೆದು ಹೇಳಿದೆ. ಅವಳು ಕೈಲಿದ್ದ ಚೀಟಿಗಳ ಕಟ್ಟನ್ನೇ ನೋಡಿದಳು.

"ಹಂಗಾರ ಮುಂಜಾನಿಂದ ನಾ ಯಾರಿಗೆ ಓಟು ಕೇಳಾಕತ್ತೇನಿ, ತಮ್ಮಾ?"

"ಗ್ರೆಗ್‌ಗೆ, ಅಕ್ಕಾ."

"ನಾ ಕೇಳಿದ್ದೆ ಅವಂಗ, ಮೂರನೇದವರು ಗೆಲ್ತಾರೇನಪಾ ಅಂತ. ನೀವು ಭಾಳ ಮುಖ್ಯ ಅಂದಾ."

ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೂ ಇಲ್ಲ. ಅದನ್ನು ದಾಖಲಿಸುವುದು ನನ್ನ ಕರ್ತವ್ಯ, ದಾಖಲಿಸಿದ್ದೇನೆ. ಮತಪತ್ರ ಗೋಡೆಯ ಮೇಲೇ ಇತ್ತು, ಓದದಿದ್ದದ್ದು ನಿಮ್ಮ ತಪ್ಪು ಎಂದೂ ಹೇಳಬಹುದು. ಆದರೆ ಒಬ್ಬ ಹೆಂಗಸು ನೇರವಾಗಿ ಪ್ರಶ್ನೆ ಕೇಳಿದ್ದಳು. ಉತ್ತರ ಗೊತ್ತಿದ್ದವನು ಉತ್ತರದ ಬದಲು ಹೊಗಳಿಕೆ ಕೊಟ್ಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಗಳಿದವನಿಗೆ ಏನು ಮಾಡುತ್ತೀರಿ? ನನ್ನ ಕೆಲಸದಲ್ಲಿ ಸುಳ್ಳುಗಾರರನ್ನು ಬೇಕಾದಷ್ಟು ಕಂಡಿದ್ದೇನೆ, ಅವರ ಮೇಲೆ ಸಿಟ್ಟು ಬರುವುದು ಎಂದೋ ನಿಂತಿದೆ. ನಗುನಗುತ್ತ ಲೆಕ್ಕಕ್ಕೆ ಸೇರಿಸಿಕೊಂಡು, ಲೆಕ್ಕಕ್ಕಿಲ್ಲದಂತೆ ಮಾಡುವ ಈ ಸಭ್ಯರ ಮೇಲಿನದು ಮಾತ್ರ ಇಳಿದಿಲ್ಲ.

ಗ್ರೆಗ್ ಗೆದ್ದ. ಅವನ ಮೊದಲ ಸಭೆಗೆ ಅಕ್ಕ, ಮೀನಾಕ್ಷಿ, ನಾನು ಮೂವರೂ ಹೋದೆವು. ಅವನು ಎದ್ದು ನಿಂತು, "ನಮ್ಮ ಅದ್ಭುತ ಭಾರತೀಯ ಸಮುದಾಯ" ಎಂದು ಅಕ್ಕನತ್ತ ಕೈಬೀಸಿದ. ಚಪ್ಪಾಳೆ ಬಿತ್ತು. ರಸ್ತೆಯ ವಿಷಯ ಬರಲಿಲ್ಲ. ಹೊರಗೆ ಕೇಳಿದ್ದಕ್ಕೆ, ಅದು ಮುಂದಿನ ಬಜೆಟ್ಟಿಗೆ ಎಂದ. ಮುಂದಿನದೂ ಬಂತು, ಅದರ ಮುಂದಿನದೂ ಬಂತು. ಮೀನಾಕ್ಷಿ ಈಗಲೂ ಕೋಲೆತ್ತಿ ಕಾರು ನಿಲ್ಲಿಸಿಯೇ ಆ ರಸ್ತೆ ದಾಟುತ್ತಾಳೆ.

ಸುಧೀಂದ್ರರನ್ನು ನೋಯಿಸಿ ಮನೆಗೆ ಬಂದ ಮೇಲೆ ಇದೆಲ್ಲ ತಲೆಯಲ್ಲಿ ಕುದಿಯುತ್ತಿತ್ತು. ತಡೆಯಲಾಗದೆ ಅಕ್ಕನಿಗೆ ಫೋನು ಮಾಡಿದೆ. ಅವಳ ದನಿಯಲ್ಲಿ ಗಡಿಬಿಡಿ.

"ಮತ್ತ ನಿಂತೇನೋ ತಮ್ಮಾ. ಈ ಸಲ ನಂದೇ ಗುಂಪು, ನಂದೇ ಮೊದಲನೇ ಹೆಸರು. ಗ್ರೆಗ್ ಫೋನ್ ಮಾಡಿದ್ದಾ, ಎರಡನೇ ಜಾಗಾ ಕೊಡ್ತೇನಿ ಬರ್ರಿ ಅಂದಾ. ನೀನಽ ನಮ್ಮ ಗುಂಪಿಗೆ ಬಾರಪಾ, ಮೂರನೇ ಹೆಸರು ನಿಂದು, ಭಾಳ ಮುಖ್ಯ ಮನಶ್ಯಾ ನೀ, ಅಂದೆ."

"ಏನಂದ?"

"ನಕ್ಕಾ. ನಾ ನಗಲಿಲ್ಲ."

ಪಟ್ಟಿಯಲ್ಲಿ ಅವಳ ಕೆಳಗೆ ಮೀನಾಕ್ಷಿ, ಅವಳ ಕೆಳಗೆ ಎದುರುಮನೆಯ ಲೆಬನಾನಿನ ಅಜ್ಜಿ. ಕರಪತ್ರ ಬರೆದುಕೊಡಲೇ ಎಂದು ನಾನಾಗಿಯೇ ಕೇಳಿದೆ. ಊರಿನ ಸುದ್ದಿಯನ್ನೆಲ್ಲ ತಿದ್ದಿದ ನಾನು ಯಾರ ಪರವಾಗಿಯೂ ಒಂದು ಸಾಲು ಬರೆದವನಲ್ಲ. ಕಾಗದ ತೆಗೆದುಕೊಂಡು, ಹೇಳು ಎಂದೆ.

"ರಸ್ತೆ ವಿಷಯ ಆಮ್ಯಾಲೆ. ಮೊದಲನೇ ಸಾಲಿನಾಗ ಇದನ್ನ ಬರಿ," ಎಂದಳು ಅಕ್ಕ. "ಕೆಳಗಿನ ಇಬ್ಬರೂ ಗೆಲ್ಲೂದಿಲ್ಲ. ಅದು ಗೊತ್ತಿದ್ದಽ ನಿಂತಾರ."