ಪೊರ್ಬುಗಳ ಮೂಗು

ಕಾರಿನ ಹಿಂದೆ ಮೊಣಕಾಲೂರಿ, ಕಣ್ಣು ಮುಚ್ಚಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸೈಲೆನ್ಸರಿನ ಹೊಗೆಯನ್ನು ಮೂಸುವ ಮನುಷ್ಯನನ್ನು ನೀವು ನೋಡಿರಲಾರಿರಿ. ನಾನು ಹೆಚ್ಚುಕಡಿಮೆ ದಿನವೂ ನೋಡುತ್ತಿದ್ದೆ. ಕಟಪಾಡಿಯಲ್ಲಿ ನಾನು ಕೆಲಸ ಮಾಡುವ ಸ್ಪೇರ್ ಪಾರ್ಟ್ಸ್ ಅಂಗಡಿಗೂ ವಿಲ್ಫ್ರೆಡ್ ಅವರ ಗ್ಯಾರೇಜಿಗೂ ಅಂಗಳ ಒಂದೇ. ಇಲ್ಲಿನ ತುಳು ಜನ ಕ್ರಿಶ್ಚಿಯನ್ ಗಂಡಸರನ್ನು ಗೌರವದಿಂದ ಪೊರ್ಬುಗಳು ಎನ್ನುತ್ತಾರೆ. ಗಂಡನ ಗಾರೆ ಕೆಲಸದ ಬೆನ್ನುಹತ್ತಿ ಗದಗಿನಿಂದ ಬಂದ ನಾನು ಅದನ್ನೇ ಅವರ ಹೆಸರೆಂದು ತಿಳಿದು ಕರೆಯತೊಡಗಿದೆ. ಅಲ್ಲವೆಂದು ಗೊತ್ತಾಗುವ ಹೊತ್ತಿಗೆ ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು. ಅವರು ತೀರಿಕೊಂಡು ಒಂದು ಮಳೆಗಾಲ ಕಳೆದಿದೆ.

ನನ್ನ ಮಾತು ಕೇಳಿದರೆ ಅವರಿಗೆ ನಗು. "ಅಕ್ಕ, ನೀವು ಮಾತಾಡುದು ಜಗಳದ ಹಾಗೆ ಕೇಳ್ತದೆ ಮಾರಾಯ್ರೆ," ಎನ್ನುತ್ತಿದ್ದರು. "ನೀವು ಮಾತಾಡೋದು ಸಾಲ್ಯಾಗ ಪಾಠ ಓದಿದಂಗ ಕೇಳ್ತದ," ಎಂದು ನಾನು ತಿರುಗಿಸಿ ಕೊಡುತ್ತಿದ್ದೆ.

ಗಲ್ಫಿನಲ್ಲಿ ಶ್ರೀಮಂತರ ಕಾರುಗಳ ಗ್ಯಾರೇಜಿನಲ್ಲಿ ದುಡಿದು ಬಂದವರು ಅವರು. ಇಂಜಿನ್ ಕಾಯುತ್ತದೆ, ಅದನ್ನು ತಂಪಾಗಿಡುವ ಕೂಲೆಂಟ್ ಕಡಿಮೆಯಾಗುತ್ತದೆ, ಎಲ್ಲಿ ಹೋಗುತ್ತದೆಂದು ತಿಳಿಯದು ಎಂಬ ದೂರು ಹೊತ್ತ ಕಾರುಗಳೆಲ್ಲ ಕಾಪುವಿನಿಂದಲೂ ಮಣಿಪಾಲದಿಂದಲೂ ಇಲ್ಲಿಗೇ ಬರುತ್ತಿದ್ದವು. ಬಿಸಿ ಇಂಜಿನಿನ ಮುಚ್ಚಳ ಮುಟ್ಟಲು ಅವರು ಯಾರಿಗೂ ಬಿಡುತ್ತಿರಲಿಲ್ಲ. "ಈಗ ಅದಕ್ಕೆ ಸಿಟ್ಟು ಉಂಟು. ನೀವು ಚಾ ಕುಡಿದು ಬನ್ನಿ," ಎಂದು ಎಂಥ ದೊಡ್ಡ ಮನುಷ್ಯರನ್ನೂ ಎದುರಿನ ಹೋಟೆಲಿಗೆ ಅಟ್ಟುತ್ತಿದ್ದರು.

ಒಮ್ಮೆ ಕಾರ್ಕಳದ ಕಲ್ಲುಕೋರೆಯ ಯಜಮಾನರು ಎರಡೇ ಸೀಟಿನ, ಹೊಟ್ಟೆ ನೆಲಕ್ಕೆ ತಾಗುವಂಥ ಕೆಂಪು ಸ್ಪೋರ್ಟ್ಸ್ ಕಾರು ತಂದರು. ಅದರ ಇಂಜಿನ್ ಸೀಟಿನ ಹಿಂದೆ, ರೇಡಿಯೇಟರ್ ಮೂತಿಯಲ್ಲಿ. ಬೇರೆ ಕಡೆ ಥರ್ಮೋಸ್ಟಾಟ್ ಬದಲಿಸಿ ಆಗಿತ್ತು, ಫ್ಯಾನು ಬದಲಿಸಿ ಆಗಿತ್ತು, ಕಾಯುವುದು ಮಾತ್ರ ನಿಂತಿರಲಿಲ್ಲ. ಪೊರ್ಬುಗಳು ಸ್ಪ್ಯಾನರ್ ಮುಟ್ಟಲಿಲ್ಲ. ಒಳಗೆ ಕೂತು, ಗಾಜು ಏರಿಸಿ, ಮೂಗನ್ನು ಸೀಟಿನ ಸಂದಿಗೆ ಇಳಿಸಿದರು. "ಸಿಹಿ ಉಂಟು," ಎಂದರು; ಬಿಸಿಯಾದ ಕೂಲೆಂಟಿನ ವಾಸನೆ ಸಿಹಿ. ಹಿಂದಿನಿಂದ ಮುಂದಕ್ಕೆ ಹೋಗುವ ಉದ್ದದ ಪೈಪು ಸೀಟಿನ ಕೆಳಗೆ ಕೂದಲಿನಷ್ಟು ಸೀಳಿತ್ತು. ಸೋರಿದ್ದು ಅಲ್ಲೇ ಬಿಸಿಗೆ ಆವಿಯಾಗುತ್ತಿದ್ದರಿಂದ ನೆಲಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ. ಪೈಪು ಹಾಕಿದ ಮೇಲೆ, ಒಳಗೆ ಸಿಕ್ಕಿದ ಗಾಳಿಯ ಗುಳ್ಳೆಯೆಲ್ಲ ಹೊರಬರುವವರೆಗೆ ಅವರು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕಾದರು. ಅವಸರ ಮಾಡಿದ ಯಜಮಾನರಿಗೆ, "ಗಾಳಿ ಕೂತರೆ ಕೂಲೆಂಟ್ ತಿರುಗುದಿಲ್ಲ ಸರ್. ಅದು ಹೋಗುವಾಗ ಹೋಗ್ತದೆ," ಎಂದರು.

ಇಂಥ ಮನುಷ್ಯನಿಗೆ ಒಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಕೊಂಡೊಯ್ಯಿತು. ಅದನ್ನು ಅವರು ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಾದದ್ದು ಅದೇ ಕೆಂಪು ಕಾರು ಬಿಳಿ ಹೊಗೆ ಕಕ್ಕುತ್ತ ಮತ್ತೆ ಬಂದ ದಿನ. ಪೊರ್ಬುಗಳು ಎಂದಿನಂತೆ ಮೊಣಕಾಲೂರಿ ಕಣ್ಣು ಮುಚ್ಚಿದರು, ದೀರ್ಘವಾಗಿ ಉಸಿರೆಳೆದರು. "ಸಿಹಿ ಇಲ್ಲ. ಹೆಡ್ ಗ್ಯಾಸ್ಕೆಟ್ ಸರಿ ಉಂಟು," ಎಂದರು. ಬೆಲ್ಲದ ಪಾಕ ತಳ ಹಿಡಿದಂಥ ವಾಸನೆ ಆಗ ನನ್ನ ಕೌಂಟರಿನವರೆಗೂ ಬರುತ್ತಿತ್ತು. ಗ್ಯಾಸ್ಕೆಟ್ ಒಡೆದು ಕೂಲೆಂಟ್ ಇಂಜಿನಿನೊಳಗೇ ಉರಿಯುತ್ತಿದೆ ಎಂಬುದು, ಅವರ ಪಕ್ಕದಲ್ಲಿ ಇಷ್ಟು ಕಾಲ ಕೂತ ನನಗೇ ತಿಳಿಯಿತು.

ಯಜಮಾನರು ಚಹಾಕ್ಕೆ ಹೋದದ್ದೇ ಅಂಗಳಕ್ಕಿಳಿದು ಕೇಳಿದೆ. "ಏನ್ರೀ ಪೊರ್ಬುಗಳೇ, ಇಷ್ಟು ವಾಸನಿ ಬರಾಕತ್ತೈತಿ, ಇಲ್ಲ ಅಂತೀರಲ್ಲ?"

ಅವರು ಎದ್ದು ಮಂಡಿಯ ಧೂಳು ಕೊಡವಿಕೊಂಡರು. "ಬರ್ತದಾ?" ಎಂದು ಮೆಲ್ಲಗೆ ಕೇಳಿದರು. "ನನಗೆ ಎಂತ ಸಹ ಬರುದಿಲ್ಲ ಅಕ್ಕ. ಜ್ವರದ ನಂತರ ಎಂತ ಸಹ ಇಲ್ಲ."

ಯಜಮಾನರು ಬಂದಾಗ, ತಾನು ಹೇಳಿದ್ದು ತಪ್ಪು, ಇಂಜಿನ್ ಬಿಚ್ಚಬೇಕು ಎಂದು ಅವರೇ ಹೇಳಿದರು. ಕಾರಣ ಮಾತ್ರ ಹೇಳಲಿಲ್ಲ.

ಮಣಿಪಾಲದ ಡಾಕ್ಟರು ಮೂಗು ತಾನಾಗಿ ಮರಳಬಹುದು, ಮರಳದೆಯೂ ಇರಬಹುದು ಎಂದರಂತೆ. ದಿನಾ ಲವಂಗ, ಲಿಂಬೆ ಮೂಸಿ ಅಭ್ಯಾಸ ಮಾಡಿ ಎಂದೂ ಹೇಳಿದ್ದರಂತೆ. ಪೊರ್ಬುಗಳು ಲವಂಗ ಬಿಟ್ಟು ಬೆಳಿಗ್ಗೆ ನಮ್ಮ ಅಂಗಡಿಗೆ ಬಂದು ಕೂಲೆಂಟಿನ ಡಬ್ಬಿ ತೆರೆಯುತ್ತಿದ್ದರು. "ಏನರ ಬಂತೇನ್ರೀ?" ಎಂದರೆ "ನೀರು," ಎಂದು ಮುಚ್ಚಳ ಹಾಕುತ್ತಿದ್ದರು. ಮೀನು ಸಾರಿಗೂ ಗಂಜಿಗೂ ವ್ಯತ್ಯಾಸ ತಿಳಿಯದೆ ಊಟ ಕಡಿಮೆಯಾಗಿ, ಅಂಗಿ ಮೈಮೇಲೆ ಜೋಲತೊಡಗಿತು.

ಗ್ಯಾಸ್ಕೆಟ್ ಪರೀಕ್ಷೆಗೆ ಒಂದು ನೀಲಿ ದ್ರವ ಸಿಗುತ್ತದೆ; ಇಂಜಿನಿನ ಹೊಗೆ ಕೂಲೆಂಟಿಗೆ ಸೇರಿದ್ದರೆ ಅದು ಹಳದಿಯಾಗುತ್ತದೆ. ಅವರಿಗಾಗಿ ನಾನು ಅದನ್ನು ತರಿಸಿಕೊಟ್ಟೆ. ಇನ್ನೂ ಬಿಚ್ಚದೆ ನಿಂತಿದ್ದ ಕೆಂಪು ಕಾರಿನಲ್ಲಿ ಅದು ಕಣ್ಣೆದುರೇ ಹಳದಿಯಾಯಿತು. ಇನ್ನು ಮೂಗಿನ ಹಂಗೇ ಇಲ್ಲವಲ್ಲ ಎಂದು ನಾನು ಹಿಗ್ಗಿದೆ. ಅವರು ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಒಂದು ಸಂಗತಿ ಹೇಳ್ತದೆ ಅಕ್ಕ. ಉಳಿದದ್ದು ಯಾರು ಹೇಳುದು?" ಎಂದರು.

ಅವರು ಕೇಳಿದ್ದರ ಅರ್ಥ ಮುಂದಿನ ವಾರವೇ ತಿಳಿಯಿತು. ಗ್ಯಾಸ್ಕೆಟ್ ಹಾಕಿ ಎಲ್ಲ ಜೋಡಿಸುವಾಗ ಪೈಪಿನ ಒಂದು ಕ್ಲಿಪ್ಪು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಬರಲಿಲ್ಲ. ಪೊರ್ಬುಗಳು ಅದನ್ನು ಕತ್ತರಿಸಲು ಗ್ರೈಂಡರ್ ಹಿಡಿದು ಕಾರಿನಡಿಗೆ ತೂರಿದರು. ಅಂಗಡಿಯಲ್ಲಿ ಕೂತ ನನ್ನ ಮೂಗಿಗೆ ಪೆಟ್ರೋಲು ರಪ್ಪನೆ ಹೊಡೆಯಿತು. ಗ್ರೈಂಡರ್ ಆಗಲೇ ತಿರುಗತೊಡಗಿತ್ತು; ಕೂಗಿದರೆ ಆ ಸದ್ದಿನಲ್ಲಿ ಕೇಳಿಸದು. ಓಡಿಹೋಗಿ ಗೋಡೆಯ ಪ್ಲಗ್ ಕಿತ್ತೆಸೆದೆ.

"ಕರೆಂಟ್ ಹೋಯ್ತಾ?" ಎಂದು ಕೆಳಗಿನಿಂದ ಅವರ ದನಿ ಬಂತು.

"ಪೆಟ್ರೋಲ್ ಸೋರಾಕತ್ತೈತ್ರೀ. ಮೊದಲು ಹೊರಗ ಬರ್ರಿ."

ಸಡಿಲ ಉಳಿದ ಪೆಟ್ರೋಲು ಪೈಪಿನಿಂದ ನೆಲಕ್ಕೆ ಹರಿದು ಅವರ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಮುಟ್ಟಿ, ಬೆರಳನ್ನು ಮೂಗಿಗೆ ಹಿಡಿದರು. ಮತ್ತೆ ಹಿಡಿದರು. ಆಮೇಲೆ ನೆಲದ ಮೇಲೆ ಕೂತುಬಿಟ್ಟರು. ಒಂದು ಕಿಡಿ ಹಾರಿದ್ದರೆ ಸಾಕಿತ್ತು. ಸಂಜೆ ಯಜಮಾನರಿಗೆ ಫೋನ್ ಮಾಡಿ, "ಮಂಗಳೂರಿಗೆ ಕೊಂಡು ಹೋಗಿ ಸರ್, ನನ್ನಿಂದ ಆಗುದಿಲ್ಲ," ಎಂದರು. ಕಾರು ಹೋದ ದಿನ ಶಟರ್ ಎಳೆದವರು ಮತ್ತೆ ತೆರೆಯಲಿಲ್ಲ.

ನಾನು ಅವರನ್ನು ಕೊನೆಗೆ ಕಂಡದ್ದು ಶಂಕರಪುರದ ಅವರ ಮನೆಯಲ್ಲಿ. ಅಂಗಳದ ತುಂಬ ಮಲ್ಲಿಗೆ ಗಿಡ. ಹೆಂಡತಿ ಸೆಲಿನ್ ಬಾಯಿ ಮೊಗ್ಗು ಕಟ್ಟಿ ಮಾರಾಟಕ್ಕೆ ಕಳಿಸುವವರು. ಪೊರ್ಬುಗಳೂ ಜೊತೆಗೆ ಕೂತು ಕಟ್ಟುವುದನ್ನು ಕಲಿತಿದ್ದರಂತೆ. ನಾನು ಹೋದಾಗ ಅವರು ಬಚ್ಚಲ ಬಳಿ ಕೈ ತೊಳೆಯುತ್ತಿದ್ದರು. ಸೆಲಿನ್ ಬಾಯಿ ಒಂಟಿಯಾಗಿ ಹೂ ಕಟ್ಟುತ್ತ ತಗ್ಗಿದ ದನಿಯಲ್ಲಿ ಹೇಳಿದರು: "ಹೋದ ವಾರ ನಾನು ಇಗರ್ಜಿಗೆ ಪೂಜೆಗೆ ಹೋಗಿದ್ದೆ. ಇವರು ನೆರೆಮನೆಯ ಪಂಪು ಬಿಚ್ಚಿ, ಅಭ್ಯಾಸದಲ್ಲಿ ಪೆಟ್ರೋಲಲ್ಲಿ ಕೈ ತೊಳೆದು ಹೂ ಕಟ್ಟಿದ್ದಾರೆ. ವಾಸನೆ ಅಂತ ಎಲ್ಲ ವಾಪಸ್ ಬಂತು. ಮತ್ತೆ ಹೂ ಮುಟ್ಟಲಿಲ್ಲ. ತೊಳೆಯುದು ಮಾತ್ರ."

ಪೊರ್ಬುಗಳು ಬಂದು ನನ್ನ ಮುಂದೆ ಎರಡೂ ಕೈ ಚಾಚಿದರು. ಚರ್ಮ ಕೆಂಪೇರಿ, ಬೆರಳ ಸಂದಿಯಲ್ಲಿ ಬಿರಿದಿತ್ತು. "ನೀವು ಹೇಳಿ ಅಕ್ಕ. ಪೆಟ್ರೋಲ್ ಇನ್ನೂ ಉಂಟಾ?"

ನಾನು ಬಗ್ಗಿ ಮೂಸಿದೆ. ಸೋಪಿನದಲ್ಲದೆ ಬೇರೆ ವಾಸನೆಯೇ ಇರಲಿಲ್ಲ. ಹೇಳಿದೆ: "ಏನೂ ಇಲ್ರೀ. ಸೋಪಿಂದಷ್ಟ ಐತಿ."

ಅವರು ಕೈ ಹಿಂತೆಗೆದುಕೊಂಡರು.

"ನನಗೆ ಬೇಸರ ಆಗ್ತದೆ ಅಂತ ಹಾಗೆ ಹೇಳುದಲ್ವಾ ನೀವು?" ಎಂದರು. ನಾನು ಆಣೆ ಮಾಡಿದೆ. ಅವರು ತಲೆಯಾಡಿಸಿ, ಸೋಪು ತೆಗೆದುಕೊಂಡು ಮತ್ತೆ ಬಚ್ಚಲ ಕಡೆ ಹೋದರು.